ಮುಂಬಯಿಯ ಚಿತ್ರಶಾಲೆಯೂ ಆ ಮಹಾನಗರವೂ
(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಸಭೆಯಲ್ಲಿ ಯಾವ ವಿಷಯವನ್ನು ಕುರಿತು ಮಾತನಾಡಬೇಕೆಂದು ನಾನು ಪೂಜ್ಯರನ್ನು ವಿಜ್ಞಾಪಿಸಿಕೊಂಡಾಗ, "ನಮ್ಮ ದೊಡ್ಡ ಪಡಸಾಲೆಯಲ್ಲಿರುವ ಹಿರಿಯರ ಪಟವನ್ನು ಬರೆದವರ ಸಂಗತಿ ನಿಮಗೆ ಗೊತ್ತಿದೆಯಷ್ಟೆ, ಆ ವಿದ್ಯೆ ಎಲ್ಲಿಂದ ಬಂದಿತೆಂಬುದನ್ನು ಜನರಿಗೆ ಹೇಳಿರಿ" ಎಂದು ಅಪ್ಪಣೆ ಕೊಡಿಸಿದರು. ನಾನು ಪಾಠಶಾಲೆಯ ನೆಲದ ಮೇಲೆ ಕುಳಿತು ಅಮರವನ್ನೂ ಶಬ್ದವನ್ನೂ ಕಂಠಪಾಠ ಮಾಡಿದವನು. ಕುಂಚವನ್ನು ಕೈಯಲ್ಲಿ ಹಿಡಿದವನಲ್ಲ. ಅಲಂಕಾರಶಾಸ್ತ್ರದಲ್ಲಿ ಚಿತ್ರಕಾವ್ಯವೆಂಬುದೊಂದುಂಟು, ನನಗೆ ತಿಳಿದ ಚಿತ್ರವೆಲ್ಲ ಅಷ್ಟೇ. ಆದರೂ ಅಪ್ಪಣೆಯನ್ನು ಮೀರಲಾರದೆ, ಕೆಲವು ವರ್ಷಗಳಿಂದ ಓದಿ ಕೇಳಿ ಕಂಡು ಕೂಡಿಹಾಕಿದುದನ್ನು ತಮ್ಮ ಮುಂದೆ ಬಿನ್ನವಿಸುತ್ತೇನೆ. ಚಿತ್ತೈಸಬೇಕು.

ಆ ವಿದ್ಯೆ ಬಂದದ್ದು ಮುಂಬಯಿಯಿಂದ. ಅಲ್ಲಿ ಸರ್ ಜಮಶೇಟಜಿ ಜೀಜೀಭಾಯಿ ಚಿತ್ರಶಾಲೆಯೆಂದು ಹೆಸರಾದ ಒಂದು ವಿದ್ಯಾಲಯವಿದೆ. ಜನರು ಅದನ್ನು ಜೆ. ಜೆ. ಎಂದು ಕರೆಯುವರು. ಈ ಶಾಲೆಯ ಚರಿತ್ರೆಯನ್ನು ನಗರದ ಚರಿತ್ರೆಯಿಂದ ಬೇರ್ಪಡಿಸಿ ಹೇಳಲಾಗದು. ಊರು ಶಾಲೆಗೆ ಅನ್ನವನ್ನಿಕ್ಕಿತು, ಶಾಲೆ ಊರಿಗೆ ಮುಖವನ್ನು ಕೊಟ್ಟಿತು. ನಡುನಡುವೆ ಇಬ್ಬರೂ ಮುನಿಸಿಕೊಂಡದ್ದೂ ಉಂಟು.

ದಾನಿಯ ಮಾತನ್ನು ಮೊದಲು ಹೇಳುವೆ. ಜಮಶೇಟಜಿಯವರು 1783ರಲ್ಲಿ ಹುಟ್ಟಿದ ಪಾರಸಿಗಳು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಖಾಲಿ ಶೀಷೆಗಳನ್ನು ಮಾರಿ ಹೊಟ್ಟೆ ಹೊರೆದುಕೊಂಡರೆಂದೂ, ಅದರಿಂದಲೇ ಅವರಿಗೆ ಬಾಟಲಿವಾಲಾ ಎಂಬ ಅಡ್ಡಹೆಸರು ಬಂದಿತೆಂದೂ ಹೇಳುವರು. ತರುವಾಯ ಚೀನದೇಶದೊಡನೆ ಹತ್ತಿಯ ಮತ್ತು ಅಫೀಮಿನ ವ್ಯಾಪಾರವನ್ನು ನಡಿಸಿ ಅಪಾರವಾದ ಸಂಪತ್ತನ್ನು ಗಳಿಸಿದರು. ಅಫೀಮಿನ ಮಾತನ್ನು ನಾನು ಮುಚ್ಚಿಡಲಾರೆ. ಎಷ್ಟೋ ಗ್ರಂಥಗಳು ಅದನ್ನು ನಯವಾಗಿ ದಾಟಿ ಹೋಗುತ್ತವೆ. ಚೀನದ ಮನೆಗಳನ್ನು ಹಾಳುಮಾಡಿದ ಸರಕಿನ ಹಣವು ಮುಂಬಯಿಯಲ್ಲಿ ಆಸ್ಪತ್ರೆಯಾಯಿತು, ಚಿತ್ರಶಾಲೆಯಾಯಿತು. ದ್ರವ್ಯಶುದ್ಧಿಯನ್ನು ಕುರಿತು ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸುಲಭವಾಗಿಲ್ಲ. ಕೊಟ್ಟ ಕೈ ದೊಡ್ಡದಾಗಿದ್ದಿತೆಂಬುದು ಮಾತ್ರ ನಿಶ್ಚಯ. 1853ರಲ್ಲಿ ಈ ಶಾಲೆಗಾಗಿ ಅವರು ಒಂದು ಲಕ್ಷ ರೂಪಾಯಿಗಳನ್ನು ಕೊಡಲೊಪ್ಪಿದರು. ಮುಂಬಯಿಯಿಂದ ಠಾಣೆಗೆ ಹಿಂದುಸ್ಥಾನದ ಮೊದಲನೆಯ ಪ್ರಯಾಣಿಕರ ಅಗ್ನಿರಥವು ಓಡಿದುದೂ ಅದೇ 1853ರ ಏಪ್ರಿಲ್ ತಿಂಗಳಿನಲ್ಲಿಯೇ. ಶಾಲೆಗೂ ಅಗ್ನಿರಥಕ್ಕೂ ಮುಂದೆ ಒದಗಿದ ಸಂಬಂಧವನ್ನು ಆಗ ಯಾರೂ ಊಹಿಸಿರಲಾರರು.

1857ರ ಮಾರ್ಚ್ ತಿಂಗಳಿನಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಲಯದ ಒಂದು ಭಾಗದಲ್ಲಿ ಪಾಠಗಳು ಪ್ರಾರಂಭವಾದವು. ಮೊದಮೊದಲು ಅದು ರೇಖಾಲೇಖನವನ್ನು ಕಲಿಸುವ ಒಂದು ತರಗತಿ ಮಾತ್ರ. ನಿಜವಾದ ಬಾಳು ಮೊದಲಾದುದು ಸುಮಾರು ಎಂಟು ವರ್ಷಗಳ ತರುವಾಯ. ಆಗ ವಿಲಾಯತಿಯಿಂದ ಮೂವರು ಉಪಾಧ್ಯಾಯರು ಬಂದರು. ಬಣ್ಣದ ಕೆಲಸಕ್ಕೆ ಜಾನ್ ಗ್ರಿಫಿಥ್ಸ್, ಮಣ್ಣು ಕಲ್ಲುಗಳ ಮೂರ್ತಿಕಾರ್ಯಕ್ಕೆ ಜಾನ್ ಲಾಕ್‌ವುಡ್ ಕಿಪ್ಲಿಂಗ್, ಕಬ್ಬಿಣದ ಕುಸುರಿಗೆ ಹಿಗಿನ್ಸ್ ಎಂಬವರು. ಒಬ್ಬೊಬ್ಬರದು ಒಂದೊಂದು ಕಮ್ಮಟ. ಕಿಪ್ಲಿಂಗರು 1865ರಲ್ಲಿ ಬಂದರು; ಆ ವರ್ಷದ ಡಿಸೆಂಬರ್ 30ರಂದು ಶಾಲೆಯ ಆವರಣದ ಮನೆಯಲ್ಲಿ ಅವರಿಗೆ ಹುಟ್ಟಿದ ಕೂಸೇ ಮುಂದೆ ಲೋಕಪ್ರಸಿದ್ಧ ಗ್ರಂಥಕರ್ತನಾದ ರುಡ್ಯಾರ್ಡ್ ಕಿಪ್ಲಿಂಗ್. ಮಗನ ಕೀರ್ತಿಯ ಬೆಳಕಿನಲ್ಲಿ ತಂದೆಯ ಕೆಲಸ ಮರೆಯಾಯಿತು. ನನಗಂತೂ ತಂದೆಯೇ ಹೆಚ್ಚು ಗಣ್ಯನಾಗಿ ತೋರುತ್ತಾನೆ. ಆತನು 1875ರ ವರೆಗೆ ಮುಂಬಯಿಯಲ್ಲಿದ್ದು, ನೇಕಾರರ, ಕಂಚುಗಾರರ, ಬಡಗಿಗಳ ಕೈಕೆಲಸವನ್ನು ಕಣ್ಣಾರೆ ನೋಡಿ ಗೌರವಿಸಿದವನು.

ಆ ಹತ್ತು ವರ್ಷಗಳಲ್ಲಿ ಮುಂಬಯಿಯು ಹಳೆಯ ಅಂಗಿಯನ್ನು ಕಳಚಿ ಹೊಸದನ್ನು ತೊಡುತ್ತಲಿದ್ದಿತು. ಅಮೇರಿಕದ ಅಂತರ್ಯುದ್ಧದಿಂದ, ಅಂದರೆ 1861ರಿಂದ 1865ರ ವರೆಗೆ, ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಹೋಗುವುದು ನಿಂತುದರಿಂದ ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ನಮ್ಮ ಧಾರವಾಡ ಸೀಮೆಯ ಕರಿಯ ಹೊಲಗಳ ಹತ್ತಿಯೂ ಆ ಪೇಟೆಗೆ ಹರಿದುಹೋಯಿತೆಂಬುದನ್ನು ನೆನೆಯಬೇಕು. ಮುಂಬಯಿಯ ಗವರ್ನರರಾಗಿದ್ದ ಸರ್ ಬಾರ್ಟಲ್ ಫ್ರೀರ್ ಅವರು ಕೋಟೆಯ ಗೋಡೆಗಳನ್ನು ಕೆಡವಿಸಿ, ಆ ಬಯಲಿನಲ್ಲಿ ಸರಕಾರದ ಕಚೇರಿಗಳು, ನ್ಯಾಯಸ್ಥಾನ, ವಿಶ್ವವಿದ್ಯಾಲಯ ಮೊದಲಾದ ಮಹಾಸೌಧಗಳನ್ನು ಎಬ್ಬಿಸಲು ಯೋಜಿಸಿದರು. 1865ರಲ್ಲಿ ಷೇರುಪೇಟೆ ಮುರಿದು ಲಕ್ಷಾಧೀಶರು ಭಿಕ್ಷಾಧೀಶರಾದರೂ, ಕಟ್ಟಡಗಳು ಮಾತ್ರ ಒಂದರ ಹಿಂದೊಂದು ಏಳುತ್ತಲೇ ಹೋದವು. ಇವೆಲ್ಲ ಐರೋಪ್ಯರ ಗಾಥಿಕ್ ಎಂಬ ಪದ್ಧತಿಯವು. ಕಂಬದ ಬೋದಿಗೆಯಲ್ಲಿ, ಕಮಾನಿನ ಅಂಚಿನಲ್ಲಿ, ಮಳೆನೀರಿನ ತೂಬಿನಲ್ಲಿ ಸಹ ಕೆತ್ತನೆಯನ್ನು ಬೇಡುವ ಪದ್ಧತಿ. ಇಷ್ಟೊಂದು ಕೆತ್ತನೆಗೆ ಕೈಗಳೆಲ್ಲಿಂದ ಬರಬೇಕು? ವಿಲಾಯತಿಯಿಂದ ಕಲ್ಲುಕುಟಿಗರನ್ನು ಹಡಗಿನಲ್ಲಿ ತರುವುದು ದುಬಾರಿ. ಆದುದರಿಂದ ಚಿತ್ರಶಾಲೆಯ ಕಮ್ಮಟಗಳೇ ಊರಿನ ಟಂಕಸಾಲೆಗಳಾದವು.

ಶಾಲೆಯ ಬಾಗಿಲಿನಿಂದ ಕೆಲವೇ ಹೆಜ್ಜೆಗಳಲ್ಲಿ ಕ್ರಾಫರ್ಡ್ ಮಾರ್ಕೆಟ್ಟು ಇದೆ. 1869ರಲ್ಲಿ ಕಟ್ಟಿ ಮುಗಿದ ಕಾಯಿಪಲ್ಯದ ಪೇಟೆ. ಅದರ ದ್ವಾರದ ಮೇಲೆ ರೈತರ ದುಡಿಮೆಯನ್ನು ತೋರಿಸುವ ಉಬ್ಬುಚಿತ್ರಗಳನ್ನೂ, ಒಳಗಿನ ಕಾರಂಜಿಯ ಕೆತ್ತನೆಯನ್ನೂ ಲಾಕ್‌ವುಡ್ ಕಿಪ್ಲಿಂಗರೇ ಮಾಡಿದರು. ಬದನೆಕಾಯಿ ಕೊಳ್ಳಲು ಹೋಗುವವನ ತಲೆಯ ಮೇಲೆ ಇಂಥಾ ಶಿಲ್ಪ! ಅರಮನೆಗೆ ಅಲ್ಲ, ಸಂತೆಗೆ. ಇದು ನನಗೆ ಬಹಳ ಹಿಡಿಸಿತು.

ಇನ್ನೊಂದು ದಿಕ್ಕಿಗೆ ತಿರುಗಿದರೆ ರೇಲ್ವೆಯ ಮಹಾನಿಲ್ದಾಣ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1878ರಲ್ಲಿ ಪ್ರಾರಂಭವಾಗಿ ಹತ್ತು ವರ್ಷ ನಡೆದ ಕೆಲಸ. 1887ರಲ್ಲಿ ಅದಕ್ಕೆ ವಿಕ್ಟೋರಿಯಾ ರಾಣಿಯ ಹೆಸರನ್ನಿಟ್ಟರು. 1996ರಲ್ಲಿ ಶಿವಾಜಿ ಮಹಾರಾಜರ ಹೆಸರು ಬಂದಿತು. ಅಲ್ಲಿಯ ಅಲಂಕಾರದ ಕೆತ್ತನೆಯ ಬಹುಭಾಗವು ಗ್ರಿಫಿಥ್ಸರ ಮೇಲ್ವಿಚಾರಣೆಯಲ್ಲಿ ಚಿತ್ರಶಾಲೆಯವರಿಂದ ಸಿದ್ಧವಾಯಿತು. ಮೊದಲು ಹಸಿಮಣ್ಣಿನಲ್ಲಿ ಮಾದರಿಯನ್ನು ತಿದ್ದುವುದು. ಅದಕ್ಕೆ ಗಚ್ಚಿನ ಅಚ್ಚು ತೆಗೆಯುವುದು. ಅಚ್ಚಿನಿಂದ ಗಚ್ಚಿನ ಪ್ರತಿ ಎರೆಯುವುದು. ಆ ಪ್ರತಿಯನ್ನು ಎದುರಿಗಿಟ್ಟುಕೊಂಡು ಕಲ್ಲಿನವನು ಅಳತೆ ಹಿಡಿದು ಉಳಿಯನ್ನು ನಡಿಸುವುದು. ಹೀಗೆ ಒಂದು ಎಲೆ ಮೂರು ಸಲ ಹುಟ್ಟುತ್ತದೆ. ನವಿಲು, ಮಂಗ, ಅಳಿಲು, ಗೂಗೆ, ಮುಂಬಯಿಯ ಗಿಡಬಳ್ಳಿಗಳು ಎಲ್ಲವೂ ಆ ಗೋಡೆಗಳ ಮೇಲಿವೆ. ಕಟ್ಟಡದ ವಿನ್ಯಾಸ ಪರದೇಶದ್ದು. ಆದರೆ ಎಲೆಗಳು ಈ ಮಣ್ಣಿನವು. ವಿದ್ಯಾರ್ಥಿಗಳು ಎಲೆಯನ್ನು ಪುಸ್ತಕದಿಂದ ಬರೆಯದೆ ಗಿಡದಿಂದ ಬರೆದುದರ ಫಲವಿದು.

ಮುಂದಿನ ಗೋಡೆಯಲ್ಲಿ ರೇಲ್ವೆ ಕಂಪನಿಗೆ ಸಂಬಂಧಪಟ್ಟ ದೊಡ್ಡ ಮನುಷ್ಯರ ಮುಖಗಳನ್ನು ದುಂಡಾದ ಚೌಕಟ್ಟುಗಳಲ್ಲಿ ಕೂಡ್ರಿಸಿದ್ದಾರೆ. ಅವುಗಳಲ್ಲಿ ಜಗನ್ನಾಥ ಶಂಕರಶೇಟರ ಮುಖವಿದೆ. ಶಾಲೆಯ ದಾನಿಯಾದ ಜಮಶೇಟಜಿಯವರ ಮುಖವೂ ಇದೆ. ದಾನಿಗಳ ಹೆಸರು ಉಳಿಯಿತು, ಯೋಜಕನ ಹೆಸರು ಉಳಿಯಿತು. ಉಳಿಯನ್ನು ಹಿಡಿದವರ ಹೆಸರು? ಕೆಲವರದು ಕಾಗದಪತ್ರಗಳಲ್ಲಿ ಸಿಕ್ಕೀತು. ಕಲ್ಲಿನ ಮೇಲೆ ಕಾಣೆವು. ಬೇಲೂರಿನ ಮದನಿಕೆಯರ ಪೀಠದಲ್ಲಿ ಶಿಲ್ಪಿಗಳು ಹನ್ನೆರಡನೆಯ ಶತಮಾನದಲ್ಲಿ ತಮ್ಮ ಹೆಸರುಗಳನ್ನೂ ಬಿರುದುಗಳನ್ನೂ ಹೆಮ್ಮೆಯಿಂದ ಕೊರೆದುಕೊಂಡಿದ್ದಾರಷ್ಟೆ. ಏಳು ನೂರು ವರ್ಷಗಳ ತರುವಾಯ, ಅಚ್ಚುಕೂಟಗಳೂ ವೃತ್ತಪತ್ರಿಕೆಗಳೂ ಇದ್ದ ಊರಿನಲ್ಲಿ ಕೆಲಸಗಾರನು ಹೆಸರಿಲ್ಲದವನಾದುದು ವಿಪರೀತವಲ್ಲವೆ?

ಇನ್ನು ಅಜಂತೆಯ ಪ್ರಸಂಗ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಆಗ ನಿಜಾಮರ ಸೀಮೆಯಲ್ಲಿದ್ದ ಆ ಗವಿಗಳ ಭಿತ್ತಿಚಿತ್ರಗಳನ್ನು ಮೇಜರ್ ಗಿಲ್ ಎಂಬವನು ಎಷ್ಟೋ ವರ್ಷ ಅಲ್ಲಿಯೇ ಇದ್ದು ಪ್ರತಿ ಮಾಡಿ ವಿಲಾಯತಿಗೆ ಕಳುಹಿಸಿದ್ದನು. 1866ರಲ್ಲಿ ಲಂಡನ್ನಿನ ಸ್ಫಟಿಕಭವನಕ್ಕೆ ಬೆಂಕಿ ಬಿದ್ದು ಅವುಗಳಲ್ಲಿ ಬಹಳಷ್ಟು ಸುಟ್ಟುಹೋದವು. ಆಗ ಗ್ರಿಫಿಥ್ಸರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ 1885ರ ವರೆಗೆ ಮತ್ತೊಮ್ಮೆ ಆ ಕೆಲಸಕ್ಕೆ ಕೈಹಾಕಿದರು. ಅವರಲ್ಲಿ ಪೇಸ್ತನಜಿ ಬೊಮನಜಿ ಎಂಬ ಪಾರಸಿ ತರುಣನೂ ಇದ್ದನು. ಇತರ ಮರಾಠೀ ಹುಡುಗರೂ ಇದ್ದರು. ಕತ್ತಲೆಗವಿಗಳಲ್ಲಿ, ಮುಸುಕಾದ ಬೆಳಕಿನಲ್ಲಿ, ಸಾವಿರದ ಐದುನೂರು ವರ್ಷಗಳ ಹಿಂದಿನ ರೇಖೆಗಳ ಮೇಲೆ ಕಣ್ಣು ನೆಟ್ಟು ಕುಳಿತ ಆ ಹುಡುಗರನ್ನು ಮನಸ್ಸಿಗೆ ತಂದುಕೊಳ್ಳಿರಿ. ಊರಿನ ಶಾಲೆಯಲ್ಲಿ ಅವರಿಗೆ ಕಲಿಸಿದುದು ಗ್ರೀಕರ ಮೂರ್ತಿಗಳ ಗಚ್ಚಿನ ಪ್ರತಿಗಳನ್ನು ನೋಡಿ ನೆರಳುಬೆಳಕು ಹಾಕುವುದನ್ನು. ಇಲ್ಲಿ ನೆರಳಿಗಿಂತ ರೇಖೆಯೇ ಮುಖ್ಯ. ರೇಖೆಯೇ ಎಲ್ಲವನ್ನೂ ಹೇಳುತ್ತದೆ. ವ್ಯಾಕರಣವನ್ನು ಒಂದು ಭಾಷೆಯಲ್ಲಿ ಕಲಿತು, ತಾಯಿಯ ಮಾತನ್ನು ಇನ್ನೊಂದು ಭಾಷೆಯಲ್ಲಿ ಕೇಳಿದಂತೆ ಆಗಿರಬೇಕು.

ಸುಮಾರು 300 ಪಟಗಳು ಸಿದ್ಧವಾದವು. ಅವುಗಳನ್ನು ಲಂಡನ್ನಿಗೆ ಕಳುಹಿಸಲಾಗಿ 1885ರಲ್ಲಿ ದಕ್ಷಿಣ ಕೆನ್ಸಿಂಗ್ಟನ್ನಿನ ಸಂಗ್ರಹಾಲಯದಲ್ಲಿ ಮತ್ತೆ ಬೆಂಕಿ! ಹಲವು ಪಟಗಳು ಬೂದಿಯಾದವು. ಮಿಕ್ಕವುಗಳ ಆಧಾರದಿಂದ ಗ್ರಿಫಿಥ್ಸರು 1896–97ರಲ್ಲಿ ಎರಡು ದೊಡ್ಡ ಸಂಪುಟಗಳನ್ನು ಪ್ರಕಟಿಸಿದರು. ಗುರುವಿನ ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಬಣ್ಣಗಳು ತಿಳಿಯಾಗಿ ಕಾಣಲೆಂದು ಮೂಲಚಿತ್ರಗಳ ಮೇಲೆಯೇ ವಾರ್ನಿಶನ್ನು ಹಚ್ಚಿದರು. ಅದು ಕಾಲಾಂತರದಲ್ಲಿ ಹಳದಿಗಟ್ಟಿ ಚಿತ್ರಗಳಿಗೆ ಕೇಡುಮಾಡಿತು. 1920ರ ತರುವಾಯ ನಿಜಾಮ ಸರಕಾರದವರು ಇಟಲಿಯಿಂದ ತಜ್ಞರನ್ನು ಕರೆಯಿಸಿ ಜೀರ್ಣೋದ್ಧಾರಕ್ಕೆ ಯತ್ನಿಸಬೇಕಾಯಿತು. ಭಕ್ತಿಯಿಂದ ಮಾಡಿದ ಅಪಚಾರವೆಂದರೆ ಇದೇ. ಹಳೆಯ ಗುಡಿಗಳ ಕಲ್ಲಿಗೆ ಎಣ್ಣೆಬಣ್ಣವನ್ನು ಬಳಿಯುವ ನಮ್ಮ ಭಕ್ತಾದಿಗಳೂ ಇದನ್ನು ಮನಸ್ಸಿಗೆ ತಂದುಕೊಂಡರೆ ಒಳ್ಳೆಯದು. ಯಾರನ್ನೂ ನೋಯಿಸಲು ಹೇಳುವುದಿಲ್ಲ.

ಶಾಲೆಯ ಈಗಿನ ಮುಖ್ಯ ಕಟ್ಟಡವು 1878ರಷ್ಟು ಹಳೆಯದು. ಆ ಮನೆಯಿಂದ ಹೊರಬಿದ್ದವರಲ್ಲಿ ಇಬ್ಬರು ಮೂವರನ್ನಾದರೂ ಹೆಸರಿಸಬೇಕು. ಗಣಪತರಾವ ಮ್ಹಾತ್ರೆ ಎಂಬ ವಿದ್ಯಾರ್ಥಿಯು 1896ರ ಸುಮಾರಿಗೆ ಗುಡಿಗೆ ಹೊರಟ ಮಹಾರಾಷ್ಟ್ರದ ಹೆಣ್ಣುಮಗಳ ಮೂರ್ತಿಯನ್ನು ಗಚ್ಚಿನಲ್ಲಿ ಮಾಡಿದನು. ಗ್ರೀಕರ ದೇವತೆಯರನ್ನು ನೋಡಿ ಕಲಿತ ಕೈಯಿಂದ, ಕಚ್ಚೆ ಹಾಕಿ ಸೀರೆಯುಟ್ಟ, ಪೂಜೆಯ ಸಾಮಗ್ರಿ ಹಿಡಿದ ನಮ್ಮ ಬೀದಿಯ ಹೆಣ್ಣುಮಗಳು ಹುಟ್ಟಿದಳು. ಮುಂಬಯಿಯ ಜನ ಬೆರಗಾದರು.

ಎರಡನೆಯವರು ಮಹಾದೇವ ವಿಶ್ವನಾಥ ಧುರಂಧರ. 1867ರಲ್ಲಿ ಜನಿಸಿದ ಕೋಲ್ಹಾಪುರದವರು. 1890ರಲ್ಲಿ ವಿದ್ಯಾರ್ಥಿಯಾಗಿ ಒಳಗೆ ಹೋದವರು ಅಲ್ಲಿಯೇ ಉಪಾಧ್ಯಾಯರಾಗಿ, 1930ರಲ್ಲಿ ಶಾಲೆಯ ಮುಖ್ಯಸ್ಥಾನದಲ್ಲಿ ಕುಳಿತ ಮೊದಲನೆಯ ಹಿಂದೀ ಮನುಷ್ಯರಾಗಿ, 1931ರಲ್ಲಿ ಹೊರಬಂದರು. ನಾಲ್ವತ್ತೊಂದು ವರ್ಷ! ಆ ಅನುಭವವನ್ನು ಮರಾಠಿಯಲ್ಲಿ ಪುಸ್ತಕವಾಗಿ ಬರೆದು 1940ರಲ್ಲಿ ಪ್ರಕಟಿಸಿದರು. ಅದರ ಹೆಸರಿನಲ್ಲಿ ಶಾಲೆಯನ್ನು ಕಲಾಮಂದಿರವೆಂದೇ ಕರೆದಿದ್ದಾರೆ. ಇವರು ಪುರಾಣದ ಚಿತ್ರಗಳನ್ನು ಬರೆದುದು ನಿಜ. ಆದರೆ ನನಗೆ ಪ್ರಿಯವಾದುವು ಇವರು ಬರೆದ ಮುಂಬಯಿಯ ಬೀದಿಜನರ ಚಿತ್ರಗಳು. ಹಾಲಿನವಳು, ಮೀನಿನವಳು, ಪಾರಸಿ ಗೃಹಿಣಿ, ಹಮಾಲ, ಟಾಂಗಾದವನು; ಇವು ಅಂಚೆಕಾರ್ಡುಗಳ ಮೇಲೆ ಅಚ್ಚಾಗಿ ದೇಶಾಂತರಗಳಿಗೆ ಹೋದವು. ಎಡ್ವರ್ಡ್ಸ್ ಸಾಹೇಬರು ಮುಂಬಯಿಯ ಗಲ್ಲಿಗಳನ್ನು ಕುರಿತು 1912ರಲ್ಲಿ ಹೊರಡಿಸಿದ ಗ್ರಂಥಕ್ಕೂ ಇವರದೇ ಚಿತ್ರಗಳು. ಗಲ್ಲಿಗಲ್ಲಿ ತಿರುಗಿ ಊರನ್ನು ಬರೆದಿಟ್ಟವರು ಇವರು.

ಮೂರನೆಯವನು ಧುಂಡಿರಾಜ ಗೋವಿಂದ ಫಾಳಕೆ. 1885ರಲ್ಲಿ ಈ ಶಾಲೆಗೆ ಸೇರಿದವನು. 1913ರಲ್ಲಿ ಈತನು ತೆರೆಗೆ ತಂದ ಹರಿಶ್ಚಂದ್ರನ ಕಥೆಯಿಂದ ಮುಂಬಯಿಗೆ ದೊರೆತ ಉದ್ಯೋಗವೆಂಥಾದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಚಲಚ್ಚಿತ್ರದ ಆ ಪೇಟೆಯು ಮುಂದೆ ಪರದೆ ಬರೆಯುವವರನ್ನೂ, ಭಿತ್ತಿಪತ್ರ ಬರೆಯುವವರನ್ನೂ, ಅರಮನೆ ಗುಡಿಸಲುಗಳ ನಕಲಿ ಗೋಡೆಗಳನ್ನು ಕಟ್ಟುವವರನ್ನೂ ಬೇಡುತ್ತ ಹೋಯಿತು. ವಾಸ್ತುವಿದ್ಯೆಯ ತರಗತಿಯು ಶಾಲೆಯಲ್ಲಿ 1900ರ ಸುಮಾರಿಗೆ ನಕಾಶೆ ಬರೆಯುವವರಿಗಾಗಿ ಹುಟ್ಟಿ ದೊಡ್ಡದಾಯಿತು. 1917ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಘವೇ ಬೆಳೆದು ಹಿಂದುಸ್ಥಾನದ ವಾಸ್ತುಶಿಲ್ಪಿಗಳ ಮಹಾಸಂಸ್ಥೆಯಾಗಿದೆ. ಸಮುದ್ರತೀರದಲ್ಲಿ 1930ರ ದಶಕದಲ್ಲಿ ಸಾಲಾಗಿ ಎದ್ದ ದುಂಡುಮೂಲೆಯ ಮನೆಗಳನ್ನು ಕಟ್ಟಿದವರಲ್ಲಿ ಇಲ್ಲಿ ಕಲಿತವರು ಅನೇಕರು. ಓವಲ್ ಮೈದಾನದ ಒಂದು ಪಕ್ಕಕ್ಕೆ ಗಾಥಿಕ್ ಸೌಧಗಳು, ಇನ್ನೊಂದು ಪಕ್ಕಕ್ಕೆ ಈ ಹೊಸ ಮನೆಗಳು. 2018ರಲ್ಲಿ ಎರಡೂ ಸಾಲುಗಳನ್ನು ಕೂಡಿಸಿ ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಎರಡು ಕಾಲಗಳ ಈ ಎರಡೂ ಸಾಲುಗಳಲ್ಲಿ ಒಂದೇ ಶಾಲೆಯ ಕೈವಾಡವಿದೆ.

ಸದ್ಭಕ್ತರೇ, ಇಂಥಾ ಶಾಲೆಯನ್ನೂ ಮುಚ್ಚಿಬಿಡಬೇಕೆಂಬ ಮಾತು ಒಮ್ಮೆ ಹುಟ್ಟಿತು. 1932ರ ಸುಮಾರಿಗೆ, ಜಗತ್ತೆಲ್ಲ ಹಣದ ಮುಗ್ಗಟ್ಟಿನಲ್ಲಿದ್ದಾಗ, ಮುಂಬಯಿ ಸರಕಾರವು ಖರ್ಚನ್ನು ಇಳಿಸಲೆಂದು ನೇಮಿಸಿದ ಸಮಿತಿಯು ಚಿತ್ರಶಾಲೆಯನ್ನು ತೆಗೆದುಹಾಕಬಹುದೆಂದು ಸೂಚಿಸಿತು. ಆಸ್ಪತ್ರೆ ಬೇಕು, ಪೋಲೀಸು ಬೇಕು, ಚಿತ್ರವೇತಕ್ಕೆ? ಕೇಳುವುದಕ್ಕೆ ನ್ಯಾಯವಾಗಿಯೇ ತೋರುವ ಪ್ರಶ್ನೆ. ಬರಗಾಲದಲ್ಲಿ ಪಾಠಶಾಲೆಗಳನ್ನು ಕುರಿತು ಇಂಥಾ ಪ್ರಶ್ನೆಯನ್ನು ಕೇಳಿದವರು ನಮ್ಮ ಕಡೆಯಲ್ಲಿಯೂ ಇದ್ದರೆಂದು ಹಿರಿಯರು ಹೇಳುತ್ತಿದ್ದರು. ಆಗ ಎದ್ದು ನಿಂತವರು ಯಾರು? ಚಿತ್ರಗಾರರು ಮಾತ್ರವಲ್ಲ, ಊರಿನ ಸಾರ್ವಜನಿಕರೂ ಪ್ರತಿಭಟಿಸಿದರು. ಶಾಲೆ ಉಳಿಯಿತು. ಸರಕಾರದ ಲೆಕ್ಕದ ಪುಸ್ತಕದಲ್ಲಿ ಬರಿಯ ಖರ್ಚಾಗಿ ಕಂಡುದು ಜನರ ಕಣ್ಣಿಗೆ ಹಾಗೆ ಕಾಣಲಿಲ್ಲ. ಎಪ್ಪತ್ತೈದು ವರ್ಷ ಊರಿನ ಗೋಡೆಗಳ ಮೇಲೆ ದುಡಿದುದಕ್ಕೆ ಊರು ಆ ದಿನ ಕೂಲಿ ಕೊಟ್ಟಿತೆಂದು ನಾನು ತಿಳಿಯುತ್ತೇನೆ.

ಆದರೆ ಶಾಲೆಯು ತನ್ನ ಶಿಷ್ಯರೆಲ್ಲರನ್ನೂ ಹೀಗೆಯೇ ಕಾಪಾಡಿತೆಂದು ಹೇಳಲಾರೆ. ಫ್ರಾನ್ಸಿಸ್ ನ್ಯೂಟನ್ ಸೋಜಾ ಎಂಬ ಗೋವೆಯ ತರುಣನು ಅಲ್ಲಿ ಓದುತ್ತಿದ್ದನು. ತಾಯಿ ಮುಂಬಯಿಯಲ್ಲಿ ಬಟ್ಟೆ ಹೊಲಿದು ಸಾಕಿದ ಮಗ. ಸ್ವಾತಂತ್ರ್ಯದ ಚಳವಳಿಯಲ್ಲಿ ಸೇರಿದ ಕಾರಣಕ್ಕಾಗಿ 1945ರಲ್ಲಿ ಅವನನ್ನು ಶಾಲೆಯಿಂದ ಹೊರಗೆ ಹಾಕಿದರು. ಎರಡು ವರ್ಷಗಳಲ್ಲಿ, 1947ರಲ್ಲಿ, ಅವನು ಸಂಗಡಿಗರನ್ನು ಕೂಡಿಸಿಕೊಂಡು ಪ್ರಗತಿಶೀಲ ಚಿತ್ರಕಾರರ ಗುಂಪನ್ನು ಕಟ್ಟಿದನು. ರಜಾ, ಬಾಕ್ರೆ ಮೊದಲಾದವರು ಈ ಶಾಲೆಯಲ್ಲಿ ಓದಿದವರು. ಹುಸೇನರು ಸಿನೇಮಾದ ಹಲಗೆಗಳನ್ನು ಬರೆದು ಬದುಕಿದವರು. ಆರಾ ಮನೆಗೆಲಸ ಮಾಡಿ ಬೆಳೆದವರು. ಅಂದರೆ ಶಾಲೆಯ ಒಳಗಿನವರೂ, ಹೊರಹಾಕಲ್ಪಟ್ಟವನೂ, ದುಡಿದು ಬದುಕಿದ ಊರಿನವರೂ ಒಂದು ಪಂಕ್ತಿಯಲ್ಲಿ ಕುಳಿತರು. ಇಂದು ಮುಂಬಯಿಯ ಚಿತ್ರಕಲೆಯೆಂದರೆ ಲೋಕವು ಮೊದಲು ನೆನೆಯುವುದು ಇವರನ್ನೇ. ಸೋಜಾನು ಇಂಗ್ಲಂಡ, ಅಮೇರಿಕ ಎಲ್ಲ ತಿರುಗಿ 2002ರಲ್ಲಿ ಮುಂಬಯಿಯಲ್ಲಿಯೇ ದೇಹವನ್ನಿಟ್ಟನು. ಅವನ ಚಿತ್ರಗಳನ್ನು ನೋಡಿ ನನ್ನಂಥವನಿಗೆ ಮುಜುಗರವಾಗುವುದುಂಟು, ಅದನ್ನು ಮರೆಮಾಚುವುದಿಲ್ಲ. ಆದರೆ ಶಿಷ್ಯನನ್ನು ಹೊರಗೆ ಹಾಕುವಾಗ ಗುರುಸ್ಥಾನದಲ್ಲಿರುವವರು ಎಷ್ಟು ಯೋಚಿಸಬೇಕೆಂಬುದನ್ನು ಇದರಿಂದ ತಿಳಿದೆ. ಪಾಠಶಾಲೆಯಲ್ಲಿ ಕೆಲಕಾಲ ಅಧ್ಯಾಪಕನಾಗಿದ್ದ ನಾನೂ ಒಬ್ಬ ಹುಡುಗನನ್ನು ಪಾಠದಿಂದ ಎಬ್ಬಿಸಿ ಕಳುಹಿಸಿದ್ದೇನೆ. ಅವನು ಮರಳಿ ಬರಲಿಲ್ಲ. ಈಗ ಎಲ್ಲಿರುವನೋ.

ಇನ್ನು ನಮ್ಮವರ ಮಾತು. 1956ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಆಳ್ವಿಕೆಗೆ ಸೇರಿದ್ದುವಷ್ಟೆ. ಇಲಾಖೆಯಲ್ಲೆಲ್ಲ ನಡೆಯುತ್ತಿದ್ದ ಚಿತ್ರಲೇಖನದ ಪರೀಕ್ಷೆಗಳಿಗೆ ಈ ಶಾಲೆಯ ಮಟ್ಟವೇ ಮಾದರಿ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂದು ಎರಡು ಮೆಟ್ಟಿಲು. ಗದಗಿನ ಹುಡುಗನೂ ರತ್ನಾಗಿರಿಯ ಹುಡುಗನೂ ಅದೇ ಹೂಜಿ, ಅದೇ ಪೆಟ್ಟಿಗೆ, ಅದೇ ಎಲೆಯನ್ನು ಬರೆಯಬೇಕು. ಕೆಲವರು ಅಲ್ಲಿಂದ ಮುಂದೆ ಮುಂಬಯಿಗೂ ಹೋದರು. ಧಾರವಾಡದಲ್ಲಿ ಚಿತ್ರಶಾಲೆಯನ್ನು ಸ್ಥಾಪಿಸಿದ ಡಿ. ವಿ. ಹಾಲಭಾವಿಯವರು ಅಲ್ಲಿ ಕಲಿತವರು. ದಂಡಾವತಿಮಠ ಎಂಬ ಕನ್ನಡಿಗರು ಮುಂಬಯಿಯಲ್ಲಿಯೇ ನೂತನ ಕಲಾಮಂದಿರವನ್ನು ನಡಿಸಿ, ಊರಿನಿಂದ ಬಂದ ಬಡಹುಡುಗರಿಗೆ ದೊಡ್ಡ ಶಾಲೆಯ ಹೊಸ್ತಿಲನ್ನು ಕಾಣಿಸಿದರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರೂ, ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರೂ ಆ ಕಲಾಮಂದಿರವನ್ನು ಹಾಯ್ದು ಜೆ. ಜೆ. ಶಾಲೆಯನ್ನು ಹೊಕ್ಕವರು. ಹೆಬ್ಬಾರರು ಅಲ್ಲಿಯೇ ಕೆಲವು ವರ್ಷ ಅಧ್ಯಾಪಕರೂ ಆಗಿದ್ದರು. 1952ರಲ್ಲಿ ತೆರೆದ ಜಹಾಂಗೀರ ಚಿತ್ರಪ್ರದರ್ಶನಾಲಯಕ್ಕೆ ದಾನಿಗಳ ಮನವೊಲಿಸಿದವರಲ್ಲಿ ಅವರೂ ಒಬ್ಬರು. ಪಂಡಿತರು ಸಿನೇಮಾದ ಭಿತ್ತಿಪತ್ರಗಳನ್ನೂ ಕ್ಯಾಲೆಂಡರುಗಳ ದೇವದೇವತೆಯರನ್ನೂ ಬರೆದರು. ನಮ್ಮ ಅಜ್ಜಿಯರು ಗೋಡೆಗೆ ಹಚ್ಚಿ ಊದುಬತ್ತಿ ಬೆಳಗಿದ ಎಷ್ಟೋ ಚಿತ್ರಗಳು ಅವರ ಕೈಯವು. ಅವರನ್ನು ಬರಿಯ ಕ್ಯಾಲೆಂಡರಿನವರೆಂದು ಹೀಯಾಳಿಸುವ ವಿದ್ವಾಂಸರಿದ್ದಾರೆ. ಪೂಜೆಗೆ ಒದಗಿದ ಚಿತ್ರವು ಕಡಿಮೆಯದೆಂದು ನಾನು ಒಪ್ಪಲಾರೆ.

ನಮ್ಮ ಪಡಸಾಲೆಯ ಪಟವನ್ನು ಬರೆದವರು ಇವರಾರೂ ಅಲ್ಲ. ನಾನು ಹುಡುಗನಾಗಿ ಈ ಮಠಕ್ಕೆ ಬಂದಾಗ, ನಿವೃತ್ತರಾದ ಒಬ್ಬ ಡ್ರಾಯಿಂಗ್ ಮಾಸ್ತರರು ಸಾಯಂಕಾಲಗಳಲ್ಲಿ ಬಾವಿಯ ಕಟ್ಟೆಯ ಮೇಲೆ ಬಂದು ಕೂಡ್ರುತ್ತಿದ್ದರು. ಬಿಳಿಯ ಧೋತರ, ಕರಿಯ ಟೊಪ್ಪಿಗೆ. ಪೆನ್ಸಿಲನ್ನು ತೋಳಿನುದ್ದಕ್ಕೆ ನೀಡಿ, ಒಂದು ಕಣ್ಣನ್ನು ಮುಚ್ಚಿ, ಹುಣಿಸೆಯ ಮರವನ್ನು ಅಳೆಯುತ್ತಿದ್ದರು. ನಾವು ನಗುತ್ತಿದ್ದೆವು. ತಾರುಣ್ಯದಲ್ಲಿ ಅವರು ಎರಡೂ ಪರೀಕ್ಷೆಗಳನ್ನು ಮುಗಿಸಿ ಮುಂಬಯಿಯ ಶಾಲೆಯಲ್ಲಿ ಓದಲು ಹೋಗಿದ್ದರಂತೆ. ಗಿರಗಾಂವಿಯ ಚಾಳೊಂದರಲ್ಲಿ ಆರು ಮಂದಿಯೊಡನೆ ಒಂದು ಕೋಣೆಯಲ್ಲಿದ್ದರು. ಒಂದು ವರ್ಷ ಮುಗಿಯುವುದರೊಳಗೆ ತಂದೆಯವರು ತೀರಿಕೊಂಡ ತಂತಿ ಬಂದಿತು. ಊರಿಗೆ ಬಂದವರು ತಿರುಗಿ ಹೋಗಲಾಗಲಿಲ್ಲ. ತಂಗಿಯರ ಮದುವೆ, ಹೊಲದ ಸಾಲ. ಮೂವತ್ತು ವರ್ಷ ಹಳ್ಳಿಯ ಮಕ್ಕಳಿಗೆ ಹೂಜಿ ಬರೆಯಿಸಿದರು. ಆ ಒಂದು ವರ್ಷವನ್ನು ಮಾತ್ರ ಅವರು ಎಂದೂ ಮರೆಯಲಿಲ್ಲ. ಶಾಲೆಯ ಅಂಗಳದ ಮರಗಳನ್ನೂ, ಎದುರಿನ ನಿಲ್ದಾಣದ ಗೋಡೆಯ ಮೇಲಿನ ಮಂಗಗಳನ್ನೂ ನೆಲದ ಮೇಲೆ ಇದ್ದಿಲಿನಿಂದ ನಮಗೆ ಬರೆದು ತೋರಿಸುತ್ತಿದ್ದರು.

ಹಿರಿಯರ ಪಟವನ್ನು ಅವರು ಬರೆದುದು ಮುಂಬಯಿಯಿಂದ ಬಂದ ಮೇಲೆ. ನೆರಳುಬೆಳಕಿನಿಂದ ಮುಖವು ಗೋಡೆಯನ್ನು ಬಿಟ್ಟು ಮುಂದೆ ಬಂದಂತೆ ಕಾಣುತ್ತದೆ; ಮುದುಕಿಯರು ಅದರೊಡನೆ ಮಾತನಾಡುವುದನ್ನು ತಾವೆಲ್ಲ ಕಂಡಿದ್ದೀರಿ. ಕೆಳಗೆ ಹೆಸರಿಲ್ಲ. ನಾನು ಕೇಳಿದ್ದೆನು, "ಮಾಸ್ತರರೇ, ಹೆಸರನ್ನೇಕೆ ಹಾಕಲಿಲ್ಲ?" ಎಂದು. "ಬಂದವರು ಪಟವನ್ನು ಕಂಡರೆ ಸಾಕು, ನನ್ನನ್ನೇಕೆ ಕಾಣಬೇಕು" ಎಂದರು. ನಾನು ಪಟ್ಟು ಹಿಡಿದಾಗ, ತಾವಿಲ್ಲದಾಗಲೂ ಹೆಸರನ್ನು ಬರೆಯಿಸಬಾರದೆಂದು ಮಾತು ತೆಗೆದುಕೊಂಡರು. ಆ ಕಾರಣದಿಂದಲೇ ಇಲ್ಲಿಯೂ ಹೇಳಲಾರೆ. ಕಲ್ಲುಕುಟಿಗರ ಹೆಸರು ಉಳಿಯಲಿಲ್ಲವೆಂದು ಸ್ವಲ್ಪ ಮೊದಲು ಆಕ್ಷೇಪಿಸಿದವನು ನಾನೇ. ಕೇಳದೆ ಹೋದುದರಿಂದ ಅಳಿದ ಹೆಸರು ಬೇರೆ, ಕೊಡದೆ ಇಟ್ಟುಕೊಂಡ ಹೆಸರು ಬೇರೆ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೂ ಮನಸ್ಸು ಪೂರ್ಣವಾಗಿ ಒಪ್ಪಿಲ್ಲ.

ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಮಠದ ಕೆಲಸಕ್ಕಾಗಿ ಮುಂಬಯಿಗೆ ಹೋದಾಗ ಆ ಶಾಲೆಯ ಮುಂದೆ ನಿಂತೆನು. ಶಾಲೆಯು ಆಗ ಒಂದಾಗಿ ಉಳಿದಿರಲಿಲ್ಲ. ವಾಸ್ತುವಿದ್ಯೆಯ ಕಾಲೇಜು 1958ರಲ್ಲಿಯೂ, ವ್ಯವಹಾರಕ್ಕೆ ಬೇಕಾಗುವ ಚಿತ್ರಗಳ ಸಂಸ್ಥೆಯು 1961ರಲ್ಲಿಯೂ ಬೇರೆಯಾದವು. ಅಣ್ಣತಮ್ಮಂದಿರು ಬೇರೆಯಾದರೂ ಅಂಗಳ ಒಂದೇ ಆಗಿದ್ದಿತು. ರಜೆಯ ದಿನ, ಬಾಗಿಲಿನವನು ನನ್ನ ವೇಷವನ್ನು ನೋಡಿ ಯಾರನ್ನು ಕಾಣಬೇಕೆಂದು ಕೇಳಿದನು. ಯಾರನ್ನೂ ಕಾಣಬೇಕಾಗಿಲ್ಲ, ಮರಗಳನ್ನು ನೋಡಿ ಹೋಗುವೆನೆಂದೆನು. ಅವನು ನಕ್ಕು ಒಳಗೆ ಬಿಟ್ಟನು. ಮಾಸ್ತರರು ಇದ್ದಿಲಿನಿಂದ ಬರೆದ ಅಂಗಳವೇ ಅದು. ಒಬ್ಬ ಹುಡುಗಿಯು ಬೇರಿನ ಮೇಲೆ ಕುಳಿತು ಕಾಗದದ ಮೇಲೆ ಏನನ್ನೋ ಬರೆಯುತ್ತಿದ್ದಳು. ಪೆನ್ಸಿಲನ್ನು ತೋಳಿನುದ್ದಕ್ಕೆ ನೀಡಿ ಒಂದು ಕಣ್ಣನ್ನು ಮುಚ್ಚಿದಳು. ಈ ಸಲ ನನಗೆ ನಗು ಬರಲಿಲ್ಲ.

ಅಲ್ಲಿಂದ ಹೊರಬಂದು ನಿಲ್ದಾಣದ ಎದುರಿಗೆ ಕತ್ತೆತ್ತಿ ನಿಂತೆನು. ಜನರ ನೂಕುನುಗ್ಗಲಿನಲ್ಲಿ ಎರಡು ಸಲ ಬೈಸಿಕೊಂಡೆನು. ಮಂಗಗಳು ಇದ್ದವು.

ಹಿರಿಯರ ಪಟವನ್ನು ಈ ಮಹೋತ್ಸವದ ನಿಮಿತ್ತ ಧೂಳು ಒರೆಸಿ, ಕಿಟಕಿಯ ಬೆಳಕು ಬೀಳುವಂತೆ ಪೂರ್ವದ ಗೋಡೆಗೆ ತಂದು ಇರಿಸಿದ್ದಾರೆ. ವಾರ್ನಿಶನ್ನು ಹಚ್ಚಬಾರದೆಂದು ಪೂಜ್ಯರು ಕಟ್ಟಪ್ಪಣೆ ಮಾಡಿದ್ದಾರೆ. ಪ್ರಸಾದಕ್ಕೆ ಹೋಗುವ ಮೊದಲು ತಾವೆಲ್ಲರೂ ಒಮ್ಮೆ ಹತ್ತಿರದಿಂದ ನೋಡಬೇಕೆಂದು ಪ್ರಾರ್ಥಿಸುತ್ತೇನೆ.